ಎಂಜಿನಿಯರನ ಗೆರೆಯೂ ಅದನ್ನು ತಿದ್ದುವ ಯಂತ್ರವೂ

ಮಾಲೂರು ತಾಲ್ಲೂಕಿನ ಶಿವಾರಪಟ್ಟಣದ ಹೆಸರನ್ನು ನಮ್ಮ ಜಿಲ್ಲೆಯಲ್ಲಿ ಕೇಳದವರು ವಿರಳ. ಅಲ್ಲಿಯ ಶಿಲ್ಪಿಗಳು ತಲೆತಲಾಂತರದಿಂದ ಕಲ್ಲಿನಲ್ಲಿ ಮೂರ್ತಿಗಳನ್ನು ಕಡೆಯುತ್ತ ಬಂದಿದ್ದಾರೆ. ಶಿಲ್ಪಿಯು ಉಳಿಯನ್ನು ಕೈಗೆತ್ತಿಕೊಳ್ಳುವುದಕ್ಕೆ ಮುಂಚೆ ಕಲ್ಲಿನ ಮುಖದ ಮೇಲೆ ಗೆರೆ ಹಾಕಿಕೊಳ್ಳುತ್ತಾನೆ. ಮೂರ್ತಿಯ ಮುಖದ ಉದ್ದವನ್ನು ಒಂದು ತಾಲವೆಂದು ಎಣಿಸಿ, ತಾಲವೊಂದಕ್ಕೆ ೧೨ ಅಂಗುಲಗಳಂತೆ, ನವತಾಲದ ಮೂರ್ತಿಗೆ ೧೦೮ ಅಂಗುಲಗಳನ್ನು ಹಂಚುವುದು ಶಿಲ್ಪಶಾಸ್ತ್ರದ ಕ್ರಮ. ಗೆರೆ ತಪ್ಪಿದರೆ ಅಳಿಸಿ ಮತ್ತೆ ಹಾಕಬಹುದು. ಉಳಿಯ ಪೆಟ್ಟು ತಪ್ಪಿದರೆ ಕಲ್ಲೇ ಹೋದಂತೆ. ಆದುದರಿಂದ ತಪ್ಪುಗಳನ್ನೆಲ್ಲ ಗೆರೆಯಲ್ಲಿಯೇ ಮಾಡಿ ಮುಗಿಸುವುದು ಜಾಣತನ.

ಎಂಜಿನಿಯರನಿಗೂ ಇದೇ ಮಾತು ಸಲ್ಲುತ್ತದೆ. ಸೇತುವೆಯಾಗಲಿ, ನೀರೆತ್ತುವ ಪಂಪಾಗಲಿ, ಆಸ್ಪತ್ರೆಯ ಮಂಚವಾಗಲಿ ಮೊದಲು ಹುಟ್ಟುವುದು ಕಾಗದದ ಮೇಲೆ. ಈ ಗೆರೆ ಎಳೆಯುವ ವಿದ್ಯೆಯನ್ನು ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಕಲಿಸಲು ಈಚೆಗೆ ಕಂಪ್ಯೂಟರಿನ ತಂತ್ರಾಂಶಗಳು ಬಂದಿವೆ. ವಿದ್ಯಾರ್ಥಿಯು ಗೆರೆ ಎಳೆದ ಕೂಡಲೆ ಅವು ಅದನ್ನು ಅಳೆದು, ಎಲ್ಲಿ ಸರಿ, ಎಲ್ಲಿ ತಪ್ಪು ಎಂದು ಹೇಳುತ್ತವೆ. ಇವು ಹೇಗೆ ಕೆಲಸ ಮಾಡುತ್ತವೆ, ಹಳ್ಳಿಗಾಡಿನಿಂದ ಹೋದ ವಿದ್ಯಾರ್ಥಿಗಳಿಗೆ ಇವುಗಳಿಂದ ಏನು ಪ್ರಯೋಜನ, ಇವುಗಳ ಕೈಯಲ್ಲಿ ಆಗದ ಕೆಲಸ ಯಾವುದು ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ. ನಾನು ಕಲಾ ವಿಭಾಗದವಳು, ಎಂಜಿನಿಯರಿಂಗ್ ಓದಿದವಳಲ್ಲ. ಆದರೂ ಈ ವಿಷಯವು ನಮ್ಮ ಮನೆಯ ಬಾಗಿಲಿಗೇ ಬಂದುದರಿಂದ ವಿಚಾರಿಸಿ ತಿಳಿದುಕೊಳ್ಳಬೇಕಾಯಿತು.

ನಮ್ಮ ಊರು ಮುಳಬಾಗಿಲು ತಾಲ್ಲೂಕಿನ ತಾಯಲೂರು. ನನ್ನ ಚಿಕ್ಕಪ್ಪನ ಮಗಳು ಅಲ್ಲಿಂದ ಎಂಜಿನಿಯರಿಂಗ್ ಕಾಲೇಜಿಗೆ ಸೇರಿದವಳು. ಚಿಕ್ಕಪ್ಪ ಟೊಮ್ಯಾಟೊ ಬೆಳೆಯ ಹಣದಲ್ಲಿ ಅವಳ ಫೀಸು ಕಟ್ಟಿದ್ದರು. ಗಣಿತದಲ್ಲಿ ಅವಳಿಗೆ ಯಾವಾಗಲೂ ಒಳ್ಳೆಯ ಅಂಕಗಳು. ಆದರೆ ಮೊದಲನೆಯ ವರ್ಷದ ಎಂಜಿನಿಯರಿಂಗ್ ಡ್ರಾಯಿಂಗ್ ಅವಳನ್ನು ಕಂಗೆಡಿಸಿತು. ರಜೆಗೆ ಬಂದವಳು, "ಅಕ್ಕಾ, ಎಲ್ಲರಿಗೂ ಕಾಣೋದು ನನಗೆ ಕಾಣಲ್ಲ. ನನ್ನ ತಲೆ ಇದಕ್ಕೆ ಆಗಿ ಬರಲ್ಲ. ನಾನೂ ನಿನ್ನ ಕಾಲೇಜಿಗೇ ಬಂದುಬಿಡ್ತೀನಿ" ಎಂದಳು. ನಮ್ಮ ಕಾಲೇಜಿಗೆ ಬರುವುದರಲ್ಲಿ ಅವಮಾನವೇನೂ ಇಲ್ಲ. ಆದರೆ ತನಗೆ ಬುದ್ಧಿ ಸಾಲದೆಂದು ನಂಬಿ ಬರುವುದು ನನಗೆ ಸರಿತೋರಲಿಲ್ಲ.

ಅವಳಿಗೆ ಕಾಣದೆ ಹೋದುದು ಏನು? ಉದ್ದ, ಅಗಲ, ಎತ್ತರ ಮೂರೂ ಉಳ್ಳ ವಸ್ತುವನ್ನು ಚಪ್ಪಟೆಯಾದ ಹಾಳೆಯ ಮೇಲೆ ಇಳಿಸಬೇಕಾದರೆ ಒಂದು ಉಪಾಯ ಬೇಕು. ಆ ಉಪಾಯವನ್ನು ಶಾಸ್ತ್ರವಾಗಿ ರೂಪಿಸಿದವನು ಫ್ರಾನ್ಸಿನ ಗಾಸ್ಪಾರ್ ಮೊಂಝ್. ಹದಿನೆಂಟನೆಯ ಶತಮಾನದಲ್ಲಿ ಮೆಝಿಯೇರ್ ಎಂಬಲ್ಲಿಯ ಸೈನಿಕ ಶಾಲೆಯಲ್ಲಿದ್ದಾಗ ಅವನು ಇದನ್ನು ಕಂಡುಹಿಡಿದ. ಕೋಟೆ ಕಟ್ಟುವುದಕ್ಕೆ ಉಪಯೋಗವಾಗುತ್ತಿದ್ದುದರಿಂದ ಸರಕಾರವು ಕೆಲವು ಕಾಲ ಇದನ್ನು ಗುಟ್ಟಾಗಿಯೇ ಇಟ್ಟಿತ್ತು. ೧೭೯೯ರಲ್ಲಿ ಅದು ಪುಸ್ತಕವಾಗಿ ಹೊರಬಂತು. ವಸ್ತುವಿನ ಹಿಂದೆ ಒಂದು ಗೋಡೆ, ಕೆಳಗೆ ಒಂದು ನೆಲ ಇವೆಯೆಂದು ಭಾವಿಸಿಕೊಳ್ಳಿ. ಎದುರಿನಿಂದ ನೋಡಿದ ಆಕೃತಿಯನ್ನು ಗೋಡೆಯ ಮೇಲೂ, ಮೇಲಿನಿಂದ ನೋಡಿದ ಆಕೃತಿಯನ್ನು ನೆಲದ ಮೇಲೂ ಬಿಡಿಸಿ, ಅನಂತರ ನೆಲವನ್ನು ಬಾಗಿಲಿನಂತೆ ಕೆಳಕ್ಕೆ ತಿರುಗಿಸಿ ಗೋಡೆಯ ಸಮಕ್ಕೆ ತಂದರೆ ಎರಡೂ ನೋಟಗಳು ಒಂದೇ ಹಾಳೆಯಲ್ಲಿ ಒಂದರ ಕೆಳಗೊಂದು ಬರುತ್ತವೆ. ನಮ್ಮ ದೇಶದ ಮಾನಕ ಸಂಸ್ಥೆಯು ಒಪ್ಪಿರುವ ಪ್ರಥಮ ಕೋನ ಪ್ರಕ್ಷೇಪವೆಂಬುದು ಇದೇ. ಹೇಳಿದರೆ ಇಷ್ಟೇ. ಆದರೆ ಈ ಗೋಡೆ, ನೆಲ, ತಿರುಗುವ ಬಾಗಿಲು ಎಲ್ಲವೂ ಓದುವವನ ಮನಸ್ಸಿನೊಳಗೆ ನಡೆಯಬೇಕಾದ ಕೆಲಸ. ಅಭ್ಯಾಸವಿಲ್ಲದವನಿಗೆ ಹಾಳೆಯ ಮೇಲೆ ಬರಿಯ ಗೆರೆಗಳು ಕಾಣುತ್ತವೆ, ವಸ್ತು ಕಾಣುವುದಿಲ್ಲ.

ಈ ಶಕ್ತಿ ಹುಟ್ಟಿನಿಂದ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ ಎಂದು ಬಹಳ ಮಂದಿ ತಿಳಿದಿದ್ದಾರೆ. ಅದು ನಿಜವಲ್ಲ. ಅಮೆರಿಕದ ಮಿಷಿಗನ್ ತಾಂತ್ರಿಕ ವಿಶ್ವವಿದ್ಯಾನಿಲಯದಲ್ಲಿ ಶೆರಿಲ್ ಸೋರ್ಬಿ ಎಂಬ ಅಧ್ಯಾಪಕಿ ೧೯೯೩ರಲ್ಲಿ ಒಂದು ಪ್ರಯತ್ನ ಮಾಡಿದರು. ಎಂಜಿನಿಯರಿಂಗ್ ಸೇರಿದ ಹೊಸಬರಿಗೆ ವಸ್ತುಗಳನ್ನು ಮನಸ್ಸಿನಲ್ಲಿಯೇ ತಿರುಗಿಸಿ ನೋಡುವ ಒಂದು ಪರೀಕ್ಷೆ ಕೊಟ್ಟು, ಅದರಲ್ಲಿ ಹಿಂದೆ ಬಿದ್ದವರಿಗೆ ಪ್ರತ್ಯೇಕವಾದ ಪಾಠ ನಡೆಸಿದರು. ಹಿಂದೆ ಬಿದ್ದವರಲ್ಲಿ ಹುಡುಗಿಯರ ಪಾಲು ಹೆಚ್ಚಾಗಿತ್ತು. ಚಿಕ್ಕಂದಿನಲ್ಲಿ ಕಟ್ಟುವ ಆಟಿಕೆಗಳೊಡನೆ ಆಡಿದವರು, ಶಾಲೆಯಲ್ಲಿ ನಕ್ಷೆ ಬಿಡಿಸಿದವರು ಮುಂದಿದ್ದರು. ಪಾಠವಾದ ಮೇಲೆ ಹಿಂದೆ ಇದ್ದವರು ಚೆನ್ನಾಗಿ ಸುಧಾರಿಸಿದರು. ಕಾಲೇಜು ಬಿಡದೆ ನಿಂತವರೂ ಹೆಚ್ಚಾದರು. ಈ ಪಾಠದಲ್ಲಿ ಕಂಪ್ಯೂಟರಿನ ಜತೆಗೆ ಕೈಯಿಂದ ಗೆರೆ ಎಳೆಯುವ ಅಭ್ಯಾಸಕ್ಕೆ ಮುಖ್ಯ ಸ್ಥಾನವಿತ್ತು. ನಮ್ಮ ಹಳ್ಳಿಯ ಶಾಲೆಗಳಲ್ಲಿ ಚಿತ್ರ ಬರೆಯುವ ಹುಡುಗನಿಗೆ "ಓದೋದು ಬಿಟ್ಟು ಗೀಚ್ತಾ ಕೂತಿದ್ದೀಯಾ" ಎಂಬ ಬೈಗುಳವೇ ಬಹುಮಾನ. ಪಿ.ಯು.ಸಿ.ಯಲ್ಲಿ ವಿಜ್ಞಾನ ಓದುವವರಿಗೆ ಡ್ರಾಯಿಂಗಿನ ಗೊಡವೆಯೇ ಇಲ್ಲ. ಹೀಗಿರಲು, ಕಾಲೇಜಿನ ಮೊದಲ ತಿಂಗಳಲ್ಲೇ ಪಿರಮಿಡ್ಡನ್ನು ಓರೆಯಾಗಿ ನಿಲ್ಲಿಸಿ ಅದರ ನೋಟಗಳನ್ನು ಬಿಡಿಸೆಂದರೆ ಕಂಗಾಲಾಗುವುದು ಸಹಜ. ಇದು ಅಭ್ಯಾಸದ ಕೊರತೆ, ಬುದ್ಧಿಯ ಕೊರತೆಯಲ್ಲ.

ಅಭ್ಯಾಸವೆಂದರೆ ಬರಿಯ ಪುನರಾವರ್ತನೆಯಲ್ಲ. ನಮ್ಮ ಭಾಷೆಯಲ್ಲಿ "ತಿದ್ದು" ಎಂಬ ಮಾತಿಗೆ ಎರಡು ಅರ್ಥಗಳಿವೆ. ಮಗುವು ಮರಳಿನ ಮೇಲೆ, ಸ್ಲೇಟಿನ ಮೇಲೆ ಅಕ್ಷರ ತಿದ್ದುತ್ತದೆ. ಗುರುಗಳು ತಪ್ಪನ್ನು ತಿದ್ದುತ್ತಾರೆ. ಹಳೆಯ ಕಾಲದ ಮಠದಲ್ಲಿ ಈ ಎರಡೂ ಒಂದೇ ಗಳಿಗೆಯಲ್ಲಿ ನಡೆಯುತ್ತಿದ್ದವು. ಅಯ್ಯನವರು ಮಗುವಿನ ಬೆರಳು ಹಿಡಿದು ಅಕ್ಷರದ ಮೇಲೆ ನಡೆಸುತ್ತಿದ್ದರು. ಅರುವತ್ತು ಮಂದಿಯ ತರಗತಿಯಲ್ಲಿ ಒಬ್ಬ ಅಧ್ಯಾಪಕರು ಎಷ್ಟು ಬೆರಳುಗಳನ್ನು ಹಿಡಿದಾರು? ಹಾಳೆಗಳನ್ನು ಮನೆಗೆ ಕೊಂಡೊಯ್ದು, ಕೆಂಪು ಶಾಯಿಯಲ್ಲಿ ಗುರುತು ಹಾಕಿ, ಒಂದು ವಾರದ ಮೇಲೆ ಹಿಂದಿರುಗಿಸುತ್ತಾರೆ. ಅಷ್ಟರಲ್ಲಿ ವಿದ್ಯಾರ್ಥಿಗೆ ತಾನು ಆ ಗೆರೆಯನ್ನು ಹೇಗೆ ಎಳೆದೆನೆಂಬುದೇ ಮರೆತಿರುತ್ತದೆ. ಗೆರೆಯೂ ತಿದ್ದುಪಡಿಯೂ ಒಟ್ಟಿಗೆ ಬರಬೇಕು. ಯಂತ್ರವು ನೆರವಾಗುವುದು ಈ ಎಡೆಯಲ್ಲಿ.

ಕಂಪ್ಯೂಟರಿನ ಮೇಲೆ ಚಿತ್ರ ಬರೆಯುವ ಕಥೆ ೧೯೬೩ಕ್ಕೆ ಹೋಗುತ್ತದೆ. ಆ ವರ್ಷ ಅಮೆರಿಕದ ಎಂ.ಐ.ಟಿ.ಯಲ್ಲಿ ಐವನ್ ಸದರ್ಲೆಂಡ್ ಎಂಬ ತರುಣನು ತನ್ನ ಪ್ರೌಢಪ್ರಬಂಧಕ್ಕಾಗಿ "ಸ್ಕೆಚ್‌ಪ್ಯಾಡ್" ಎಂಬುದನ್ನು ರಚಿಸಿದ. ಬೆಳಕಿನ ಲೇಖನಿಯಿಂದ ತೆರೆಯನ್ನು ಮುಟ್ಟಿ ಗೆರೆ ಎಳೆದು, ಇವೆರಡು ಸಮಾನಾಂತರವಾಗಲಿ, ಇವು ಸಮವಾಗಲಿ ಎಂದು ಅಪ್ಪಣೆ ಮಾಡಿದರೆ ಯಂತ್ರವು ಹಾಗೆಯೇ ಮಾಡುತ್ತಿತ್ತು. ಮುಂದೆ ಇದೇ ದಾರಿಯಲ್ಲಿ ಕ್ಯಾಡ್ ಎಂಬ ತಂತ್ರಾಂಶಗಳು ಬೆಳೆದವು. ವಿಶ್ವೇಶ್ವರಯ್ಯನವರ ಪ್ರಯತ್ನದಿಂದ ೧೯೧೭ರಲ್ಲಿ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕಾಲೇಜು ಪ್ರಾರಂಭವಾದಂದಿನಿಂದ ಎಷ್ಟೋ ತಲೆಮಾರುಗಳು ಹಲಗೆ, ಟಿ-ಸ್ಕ್ವೇರ್, ಮೂಲೆಮಟ್ಟ ಹಿಡಿದು ಕಲಿತವು. ೧೯೯೮ರಲ್ಲಿ ಬೆಳಗಾವಿಯಲ್ಲಿ ಸ್ಥಾಪಿತವಾದ ತಾಂತ್ರಿಕ ವಿಶ್ವವಿದ್ಯಾನಿಲಯದ ಪಾಠಪಟ್ಟಿಯಲ್ಲಿ ಡ್ರಾಯಿಂಗನ್ನು ಕಂಪ್ಯೂಟರಿನ ನೆರವಿನಿಂದ ಕಲಿಸುವ ಪದ್ಧತಿ ಬಂದು ಹಲವು ವರ್ಷಗಳಾದವು. ಕ್ಯಾಡ್ ಅತ್ಯಂತ ಉಪಯುಕ್ತವಾದ ಸಾಧನ. ಆದರೆ ಅದು ನಮ್ಮ ಗೆರೆಯನ್ನು ತಾನೇ ನೇರ ಮಾಡಿಕೊಡುತ್ತದೆ. ಎರಡು ಬಿಂದುಗಳನ್ನು ತೋರಿಸಿದರೆ ಸಾಕು. ಅದರಿಂದ ಹಾಳೆ ಅಂದವಾಗುತ್ತದೆ, ಕೈ ಕಲಿಯುವುದಿಲ್ಲ.

ಎಲ್ಲವನ್ನೂ ಕಂಪ್ಯೂಟರೇ ಮಾಡುವಾಗ ಕೈ ಕಲಿತು ಆಗಬೇಕಾದುದೇನು ಎಂದು ಕೆಲವರು ಕೇಳಬಹುದು. ಇದಕ್ಕೆ ಯೂಜೀನ್ ಫರ್ಗುಸನ್ ಎಂಬ ಇತಿಹಾಸಕಾರನು ೧೯೯೨ರ ತನ್ನ ಗ್ರಂಥದಲ್ಲಿ ಒಳ್ಳೆಯ ಉತ್ತರ ಕೊಟ್ಟಿದ್ದಾನೆ. ಎಂಜಿನಿಯರನ ಚಿತ್ರಗಳು ಮೂರು ಬಗೆ. ತನ್ನೊಳಗೆ ತಾನೇ ಆಲೋಚಿಸುವಾಗ ಗೀಚಿಕೊಳ್ಳುವುದು ಒಂದು. ಇನ್ನೊಬ್ಬರೊಡನೆ ಮಾತನಾಡುತ್ತ ಬಿಡಿಸುವುದು ಎರಡನೆಯದು. ಹೀಗೆಯೇ ಮಾಡತಕ್ಕದ್ದೆಂದು ಕೆಲಸಗಾರರಿಗೆ ಅಪ್ಪಣೆ ಕೊಡುವುದು ಮೂರನೆಯದು. ಕ್ಯಾಡಿನ ಬಲವಿರುವುದು ಮೂರನೆಯದರಲ್ಲಿ. ಅದು ಅಳತೆ ಕೇಳುತ್ತದೆ. ನಾವಾದರೋ ಇನ್ನೂ ಏನು ಮಾಡಬೇಕೆಂದೇ ನಿರ್ಧರಿಸಿರುವುದಿಲ್ಲ. ಆಲೋಚನೆಯ ಗೆರೆ ಬೇಗ ಬರಬೇಕು, ಅಗ್ಗವಾಗಿರಬೇಕು, ಹರಿದೆಸೆಯಲು ಮನಸ್ಸು ಬರುವಂತಿರಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂಜಿನಿಯರಿಂಗ್ ಪದವೀಧರರಿಗೆ ವಸ್ತುವಿನ್ಯಾಸವನ್ನು ಕಲಿಸುವ ಸ್ನಾತಕೋತ್ತರ ವಿಭಾಗವೊಂದು ನಡೆಯುತ್ತಿರುವುದನ್ನು ನೋಡಿದರೆ ಈ ವಿದ್ಯೆಗೆ ಎಷ್ಟು ಬೆಲೆಯಿದೆಯೆಂಬುದು ತಿಳಿಯುತ್ತದೆ.

ಈ ಕೈಗೆರೆಯನ್ನೇ ಕಲಿಸುವುದಕ್ಕಾಗಿ ರಚಿತವಾದ ತಂತ್ರಾಂಶಗಳಲ್ಲಿ "ಸ್ಕೆಚ್‌ಟಿವಿಟಿ" ಎಂಬುದು ಹೆಸರಾದುದು. ಅಮೆರಿಕದ ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾನಿಲಯದ ಟ್ರೇಸಿ ಹ್ಯಾಮಂಡ್, ಜಾರ್ಜಿಯಾ ಟೆಕ್ಕಿನ ಜೂಲಿ ಲಿನ್ಸಿ ಮತ್ತು ಅವರ ಶಿಷ್ಯರು ಇದನ್ನು ಬೆಳೆಸಿದರು. ವಿದ್ಯಾರ್ಥಿಯು ಟ್ಯಾಬ್ಲೆಟ್ಟಿನ ಮೇಲೆ ಲೇಖನಿಯಿಂದ ಬರೆಯುತ್ತಾನೆ. ಮೊದಲ ಪಾಠ ನೇರ ಗೆರೆ: ಎರಡು ಬಿಂದುಗಳನ್ನು ಸೇರಿಸಬೇಕು. ಅನಂತರ ಬಾಗಿದ ಗೆರೆ, ಚೌಕ, ವೃತ್ತ. ಆಮೇಲೆ ದೂರದೃಶ್ಯದಲ್ಲಿ ಘನಾಕೃತಿಗಳು. ಪ್ರತಿಯೊಂದು ಗೆರೆಗೂ ಯಂತ್ರವು ಮೂರು ವಿಷಯಗಳನ್ನು ನೋಡುತ್ತದೆ: ಅದು ಎಷ್ಟು ನಿಖರ, ಎಷ್ಟು ನಯ, ಎಷ್ಟು ವೇಗ.

ಯಂತ್ರಕ್ಕೆ ಕಣ್ಣಿಲ್ಲ, ಅದು ಇದನ್ನೆಲ್ಲ ತಿಳಿಯುವ ಬಗೆಯಾದರೂ ಹೇಗೆ? ಲೇಖನಿಯು ತೆರೆಯ ಮೇಲೆ ಸಾಗುವಾಗ ಯಂತ್ರವು ಸೆಕೆಂಡಿಗೆ ಹಲವಾರು ಸಲ ಅದರ ಸ್ಥಾನವನ್ನೂ ಸಮಯವನ್ನೂ ಬರೆದುಕೊಳ್ಳುತ್ತದೆ. ನಮಗೆ ಒಂದೇ ಗೆರೆಯಾಗಿ ಕಾಣುವುದು ಅದಕ್ಕೆ ಮುತ್ತು ಪೋಣಿಸಿದಂತೆ ಬಿಂದುಗಳ ಸಾಲು. ಇರಬೇಕಾದ ಗೆರೆಯಿಂದ ಆ ಬಿಂದುಗಳು ಎಷ್ಟು ದೂರ ಸರಿದಿವೆಯೆಂದು ಲೆಕ್ಕ ಹಾಕಿದರೆ ನಿಖರತೆ ದೊರೆಯುತ್ತದೆ. ಬಿಂದುವಿನಿಂದ ಬಿಂದುವಿಗೆ ದಿಕ್ಕು ಎಷ್ಟು ಸಲ ನಡುಗಿದೆಯೆಂದು ನೋಡಿದರೆ ನಯ ತಿಳಿಯುತ್ತದೆ. ದೂರವನ್ನು ಕಾಲದಿಂದ ಭಾಗಿಸಿದರೆ ವೇಗ. ಇನ್ನೊಂದು ಸ್ವಾರಸ್ಯವುಂಟು. ಮನುಷ್ಯನ ಕೈ ಮೂಲೆ ತಿರುಗುವಾಗ ತನಗೆ ತಿಳಿಯದೆಯೇ ನಿಧಾನವಾಗುತ್ತದೆ, ತಿರುವಿನಲ್ಲಿ ಎತ್ತಿನ ಗಾಡಿ ನಿಧಾನವಾಗುವಂತೆ. ಆದುದರಿಂದ ದಿಕ್ಕು ಬದಲಾಗಿ ವೇಗವೂ ತಗ್ಗಿದ ಕಡೆ ಮೂಲೆಯಿದೆಯೆಂದು ಯಂತ್ರವು ಊಹಿಸಬಲ್ಲದು. ಎಂ.ಐ.ಟಿ.ಯ ಸಂಶೋಧಕರು ೨೦೦೧ರಲ್ಲಿ ಈ ಉಪಾಯವನ್ನು ವಿವರಿಸಿದ್ದರು. ಟೆಕ್ಸಾಸಿನ ಅದೇ ಪ್ರಯೋಗಶಾಲೆಯ "ಮೆಕ್ಯಾನಿಕ್ಸ್" ಎಂಬ ಇನ್ನೊಂದು ತಂತ್ರಾಂಶವು ವಿದ್ಯಾರ್ಥಿಯು ಕೈಯಿಂದ ಬರೆದ ಸೇತುವೆಯ ತೊಲೆಕಟ್ಟನ್ನೂ ಅದರ ಮೇಲೆ ಬೀಳುವ ಬಲಗಳ ಬಾಣಗಳನ್ನೂ ಗುರುತಿಸಿ, ಬಾಣವೊಂದು ಬಿಟ್ಟುಹೋಗಿದ್ದರೆ ತಿಳಿಸುತ್ತದೆ.

ನಿಧಾನವಾಗಿ, ನಡುಗುತ್ತ, ತುಂಡುತುಂಡಾಗಿ ಗೆರೆ ಎಳೆಯುವುದು ಹೊಸಬರ ಸಾಮಾನ್ಯ ದೋಷ. ಮಣಿಕಟ್ಟನ್ನು ಹಾಳೆಗೆ ಊರಿ ಬರೆಯುವುದರಿಂದ ಹೀಗಾಗುತ್ತದೆ. ಉದ್ದನೆಯ ಗೆರೆಗೆ ಭುಜದಿಂದಲೇ ಕೈ ಬೀಸಬೇಕೆಂದು ಚಿತ್ರಕಲೆಯ ಅಧ್ಯಾಪಕರು ಹೇಳುತ್ತಾರೆ. ಇದನ್ನು ಓದಿದಾಗ ನನಗೆ ನಗು ಬಂತು. ನನ್ನ ತಂಗಿಯು ಹತ್ತು ವರ್ಷಗಳಿಂದ ಬೆಳಗಾಗೆದ್ದು ಮನೆಯ ಮುಂದೆ ಮಾಡುತ್ತಿದ್ದುದು ಇದೇ ಅಲ್ಲವೆ? ಚುಕ್ಕಿ ಇಟ್ಟು ರಂಗೋಲಿ ಎಳೆಯುವಾಗ ಕೈಯನ್ನು ನೆಲಕ್ಕೆ ಊರುವಂತಿಲ್ಲ; ನಿಧಾನ ಮಾಡಿದರೆ ಪುಡಿ ಒಂದೆಡೆ ಗುಡ್ಡೆಯಾಗುತ್ತದೆ, ಅವಸರಪಟ್ಟರೆ ಗೆರೆ ಹರಿಯುತ್ತದೆ. ನಿಖರ, ನಯ, ವೇಗ ಮೂರೂ ಅಲ್ಲಿವೆ. "ನಿನ್ನ ಕೈ ಆಗಲೇ ಕಲಿತಿದೆ; ಕಣ್ಣು ಕಲಿಯಬೇಕಾದ್ದು ಮಾತ್ರ ಬಾಕಿ" ಎಂದು ಅವಳಿಗೆ ಹೇಳಿದೆ.

ಕಣ್ಣು ಕಲಿಯಬೇಕಾದ ದೂರದೃಶ್ಯದ ನಿಯಮಗಳೂ ನಮ್ಮ ಸುತ್ತಮುತ್ತಲೇ ಇವೆ. ಟೊಮ್ಯಾಟೊ ತೋಟದ ಸಾಲಿನ ತುದಿಯಲ್ಲಿ ನಿಂತರೆ ಸಮಾನಾಂತರವಾದ ಸಾಲುಗಳೆಲ್ಲ ದೂರದಲ್ಲಿ ಒಂದೇ ಬಿಂದುವಿನಲ್ಲಿ ಕೂಡುವಂತೆ ಕಾಣುತ್ತವೆ. ಆ ಬಿಂದು ನಮ್ಮ ಕಣ್ಣಿನ ಮಟ್ಟದಲ್ಲಿರುತ್ತದೆ. ಕುಳಿತರೆ ಅದೂ ಇಳಿಯುತ್ತದೆ, ಎದ್ದರೆ ಅದೂ ಏರುತ್ತದೆ. ಗಾಡಿಯ ಚಕ್ರವನ್ನು ಓರೆಯಿಂದ ನೋಡಿದರೆ ಅದು ಮೊಟ್ಟೆಯಾಕಾರದ ದೀರ್ಘವೃತ್ತವಾಗಿ ಕಾಣುತ್ತದೆ. ಅದರ ಗಿಡ್ಡ ಅಕ್ಷವು ಯಾವಾಗಲೂ ಗಾಡಿಯ ಇರಚಿನ ದಿಕ್ಕಿನಲ್ಲಿಯೇ ಇರುತ್ತದೆ. ಈ ಒಂದು ನಿಯಮ ತಿಳಿಯದೆ ಬಿಡಿಸಿದ ಚಕ್ರ ಗಾಡಿಯಿಂದ ಕಳಚಿ ಬೀಳುವಂತೆ ತೋರುತ್ತದೆ.

ಅವಳ ಕಾಲೇಜಿನಲ್ಲಿ ಸ್ಕೆಚ್‌ಟಿವಿಟಿ ಇರಲಿಲ್ಲ. ಲೇಖನಿಯುಳ್ಳ ಟ್ಯಾಬ್ಲೆಟ್ಟನ್ನು ಕೊಳ್ಳುವ ಶಕ್ತಿ ನಮಗಿರಲಿಲ್ಲ. ಕೈಯಲ್ಲಿದ್ದ ಫೋನಿನಲ್ಲಿಯೇ ಜಿಯೋಜೀಬ್ರ ಎಂಬ ಉಚಿತ ತಂತ್ರಾಂಶವನ್ನು ಇಳಿಸಿಕೊಂಡೆವು. ಆಸ್ಟ್ರಿಯದ ಮಾರ್ಕುಸ್ ಹೋಹೆನ್‌ವಾರ್ಟರ್ ೨೦೦೧ರಲ್ಲಿ ಪ್ರಾರಂಭಿಸಿದ ಇದು ಈಗ ಘನಾಕೃತಿಗಳನ್ನೂ ತೋರಿಸುತ್ತದೆ; ಬೆರಳಿನಿಂದ ಅವುಗಳನ್ನು ಬೇಕಾದತ್ತ ತಿರುಗಿಸಬಹುದು. ನಾವು ಒಂದು ಕಟ್ಟುಪಾಡು ಮಾಡಿಕೊಂಡೆವು: ಮೊದಲು ಊಹೆ, ಆಮೇಲೆ ಗೆರೆ, ಕೊನೆಗೆ ಯಂತ್ರ. ಉದಾಹರಣೆಗೆ, ಒಂದು ಘನದ ಎದುರುಬದುರು ಮೂಲೆಗಳನ್ನು ಸೇರಿಸುವ ಕರ್ಣಕ್ಕೆ ಲಂಬವಾಗಿ, ಸರಿಯಾಗಿ ನಡುಮಧ್ಯೆ ಕತ್ತರಿಸಿದರೆ ಕತ್ತರಿಸಿದ ಮುಖದ ಆಕಾರವೇನು? ಅವಳು ತ್ರಿಕೋನವೆಂದಳು, ಬಿಡಿಸಿದಳು. ಫೋನಿನಲ್ಲಿ ತಿರುಗಿಸಿ ನೋಡಿದರೆ ಸಮನಾದ ಆರು ಬಾಹುಗಳ ಷಟ್ಕೋನ! ನಂಬಿಕೆ ಸಾಲದೆ ಆಲೂಗೆಡ್ಡೆಯನ್ನು ಘನವಾಗಿ ಕೊಯ್ದು ಮತ್ತೆ ಕತ್ತರಿಸಿ ನೋಡಿದಳು, ಷಟ್ಕೋನವೇ. ಯಂತ್ರವನ್ನು ಮೊದಲೇ ನೋಡಿದ್ದರೆ ತಲೆಯಾಡಿಸಿ ಮುಂದೆ ಹೋಗುತ್ತಿದ್ದಳು. ತಪ್ಪಾಗಿ ಊಹಿಸಿ, ಬರೆದು, ಆಮೇಲೆ ನೋಡಿದುದರಿಂದ ಅದು ಮನಸ್ಸಿನಲ್ಲಿ ನಿಂತಿತು. ಹಳೆಯ ನೋಟು ಪುಸ್ತಕಗಳ ಖಾಲಿ ಬೆನ್ನುಗಳು ಆ ರಜೆಯಲ್ಲಿ ತುಂಬಿಹೋದವು. ಮುಂದಿನ ಪರೀಕ್ಷೆಯಲ್ಲಿ ಅವಳು ಆ ಪತ್ರಿಕೆಯಲ್ಲಿ ತೇರ್ಗಡೆಯಾದಳು; ಕಾಲೇಜು ಬಿಡುವ ಮಾತು ಮತ್ತೆ ಬರಲಿಲ್ಲ.

ಯಂತ್ರದ ಮಿತಿಯೂ ಅವಳ ಮೂಲಕವೇ ನನಗೆ ತಿಳಿಯಿತು. ತೋಟದಿಂದ ರಸ್ತೆಯವರೆಗೆ ಟೊಮ್ಯಾಟೊ ಕ್ರೇಟುಗಳನ್ನು ಸಾಗಿಸಲು ಒಂದು ತಳ್ಳುಗಾಡಿ ಮಾಡಿದರೆ ಹೇಗೆಂದು ಅವಳು ಒಂದು ಸಂಜೆ ನಾಲ್ಕು ಬಗೆಯ ಗಾಡಿಗಳನ್ನು ಬಿಡಿಸಿದಳು. ಒಂದೊಂದು ಕ್ರೇಟು ೧೫ ಕಿಲೋ. ತಲೆಯ ಮೇಲೆ ಹೊರುವವರ ಕಷ್ಟ ಹೇಳತೀರದು. ಗೆರೆಗಳು ನೇರವಾಗಿದ್ದವು, ಚಕ್ರಗಳು ಇರಚಿಗೆ ಸರಿಯಾಗಿ ಕುಳಿತಿದ್ದವು. ಯಾವ ಯಂತ್ರವಾದರೂ ಒಳ್ಳೆಯ ಅಂಕ ಕೊಡುತ್ತಿತ್ತು. ಚಿಕ್ಕಪ್ಪ ಓದಿದ್ದು ನಾಲ್ಕನೆಯ ತರಗತಿ. ಪ್ರಕ್ಷೇಪದ ಹಾಳೆಯಾಗಿದ್ದರೆ ಅವರಿಗೆ ಏನೂ ತಿಳಿಯುತ್ತಿರಲಿಲ್ಲ. ಈ ಚಿತ್ರಗಳನ್ನು ಮಾತ್ರ ಬಹಳ ಹೊತ್ತು ನೋಡಿ ಬೆರಳಿಟ್ಟರು: "ಬದು ಒಂದು ಅಡಿ ಅಗಲ ಇಲ್ಲ ಕಣಮ್ಮ, ಎರಡು ಗಾಲಿ ಎಲ್ಲಿ ಹೋಗ್ತವೆ? ಒಂದೇ ಗಾಲಿ ಹಾಕು. ಭಾರ ಗಾಲಿ ಹತ್ತಿರ ಬರೋ ಹಾಗೆ ಮಾಡು, ಕೈಗೆ ಹಗುರಾಗ್ತದೆ." ಹಾಗೆಂದು ಅವಳ ಕೈಯಿಂದ ಪೆನ್ನು ತೆಗೆದುಕೊಂಡು ತಾವೇ ಒಂದು ಗೆರೆ ಎಳೆದು ತೋರಿಸಿದರು. ಸನ್ನೆಯ ಸೂತ್ರವನ್ನು ಅವರು ಯಾವ ಪುಸ್ತಕದಲ್ಲಿಯೂ ಓದಿದವರಲ್ಲ. ಫರ್ಗುಸನ್ ಹೇಳಿದ ಎರಡನೆಯ ಬಗೆಯ ಚಿತ್ರ, ಅಂದರೆ ಮಾತನಾಡುವ ಚಿತ್ರ, ಏನೆಂಬುದು ನನಗೆ ಆಗ ಮನದಟ್ಟಾಯಿತು. ಯಂತ್ರವು ಗೆರೆಯನ್ನು ತಿದ್ದಬಲ್ಲದು. ಗಾಡಿಯನ್ನು ತಿದ್ದಲು ಬದುವಿನ ಮೇಲೆ ನಡೆದವರೇ ಬೇಕು. ಗಾಡಿ ಇನ್ನೂ ಸಿದ್ಧವಾಗಿಲ್ಲ; ಐದನೆಯ ಚಿತ್ರ ಸಿದ್ಧವಾಗಿದೆ.

ಇಂಥ ತಂತ್ರಾಂಶಗಳಿಂದ ಅಧ್ಯಾಪಕರ ಅವಶ್ಯಕತೆ ತಪ್ಪುವುದೆಂದು ಯಾರೂ ಭಾವಿಸಬೇಕಾಗಿಲ್ಲ. ಗೆರೆ ಅಳೆಯುವ ಬೇಸರದ ಕೆಲಸವನ್ನು ಯಂತ್ರವು ವಹಿಸಿಕೊಂಡರೆ, ಯಾವುದನ್ನು ಬಿಡಿಸಬೇಕು, ಏಕೆ ಬಿಡಿಸಬೇಕು, ಯಾರನ್ನು ಕೇಳಬೇಕು ಎಂಬ ಮೇಲಾದ ಪಾಠಕ್ಕೆ ಅಧ್ಯಾಪಕರಿಗೆ ವೇಳೆ ಉಳಿಯುತ್ತದೆ. ಅರುವತ್ತು ಮಂದಿಯಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತು ನಾಚಿಕೆಯಿಂದ ಕೇಳದೆ ಉಳಿದವರಿಗೆ, ಬೈಯದೆ, ಬೇಸರಪಡದೆ ನೂರು ಸಲ ತಿದ್ದುವ ಒಬ್ಬ ಸಹಾಯಕನು ದೊರೆತಂತಾಗುತ್ತದೆ.

ಕಲಾ ವಿಭಾಗದ ನಮಗೆ ಇದರಿಂದ ಏನೆಂದು ಸಹಪಾಠಿಗಳು ಕೇಳಬಹುದು. ಚರಿತ್ರೆಯ ವಿದ್ಯಾರ್ಥಿಯು ಕುರುಡುಮಲೆಯ ಸೋಮೇಶ್ವರ ದೇವಾಲಯದ ಕಂಬವೊಂದನ್ನು ಕೈಯಿಂದ ಬಿಡಿಸಿದರೆ, ಹತ್ತು ಛಾಯಾಚಿತ್ರಗಳಲ್ಲಿ ಕಾಣದ ಮೂಲೆಗಳನ್ನು ಕಾಣುತ್ತಾನೆ. ಭೂಗೋಳದ ವಿದ್ಯಾರ್ಥಿಗೆ ಕೆರೆ, ತೂಬು, ಕಾಲುವೆಗಳ ಹೊಂದಾಣಿಕೆ ಗೆರೆಯಿಂದಲೇ ತಿಳಿಯುತ್ತದೆ. ನಮ್ಮ ತಮ್ಮ ತಂಗಿಯರು ನಾಳೆ ಎಂಜಿನಿಯರಿಂಗಿಗೆ, ಐ.ಟಿ.ಐ.ಗೆ, ಪಾಲಿಟೆಕ್ನಿಕ್ಕಿಗೆ ಹೋಗತಕ್ಕವರು. ಮನೆಯಲ್ಲಿ ಅವರಿಗೆ ಮೊದಲು ಕೈಹಿಡಿಯುವವರು ನಾವೇ. ನಮ್ಮ ಕಾಲೇಜಿನ ಕಂಪ್ಯೂಟರ್ ಕೊಠಡಿಯು ಶನಿವಾರ ಮಧ್ಯಾಹ್ನ ಬಿಡುವಾಗಿರುತ್ತದೆ. ವಾರಕ್ಕೆ ಒಂದು ಗಂಟೆ ಅಲ್ಲಿ ಕುಳಿತು, ಕಾಗದ ಪೆನ್ಸಿಲುಗಳೊಡನೆ ಘನಾಕೃತಿಗಳನ್ನು ಊಹಿಸಿ, ಬರೆದು, ತಿರುಗಿಸಿ ನೋಡುವ ಒಂದು ಚಿಕ್ಕ ಕೂಟವನ್ನು ನಡೆಸಲು ಅಧ್ಯಾಪಕರು ಅನುಮತಿ ಕೊಡಬೇಕೆಂದು ಬೇಡುತ್ತೇನೆ. ಖರ್ಚೇನೂ ಇಲ್ಲ. ಹಾಳೆಯ ಒಂದು ಬೆನ್ನು ಖಾಲಿಯಿರುವ ಹಳೆಯ ನೋಟು ಪುಸ್ತಕವನ್ನು ತಂದರೆ ಸಾಕು.